ಕೊಕ್ಕರೆಯ ಎರಡು ಅಳತೆ

ಕೊಕ್ಕರೆಯನ್ನು ನಾನು ಮೊದಲ ಸಲ ನೋಡಿದ ದಿನ ಅವಳು ನನ್ನ ಅಂಗಡಿಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

ಮಧ್ಯಾಹ್ನ ಊಟ ಮುಗಿದ ಹೊತ್ತು. ನಾನು ಯಾವುದೋ ಶಾಲೆಯ ಅಂಗಿಗಳಿಗೆ ಗುಂಡಿ ಹಾಕುತ್ತ ಕೂತಿದ್ದೆ. ಇದ್ದಕ್ಕಿದ್ದ ಹಾಗೆ ಬೆಳಕು ಕಡಿಮೆಯಾಯಿತು. ಮೋಡ ಬಂತೇನೋ ಎಂದು ತಲೆ ಎತ್ತಿದರೆ ಬಾಗಿಲ ತುಂಬ ಒಂದು ಕಾಲರ್. ಬೆತ್ತದ ಕಡ್ಡಿ ಬಗ್ಗಿಸಿ, ತಂತಿಯಲ್ಲಿ ಬಿಗಿದು, ಮೇಲೆ ಹಳೆಯ ಕಿಟಕಿ ಪರದೆ ಎಳೆದು ಕಟ್ಟಿದ ಗಾಡಿಚಕ್ರದಗಲದ ಕಾಲರ್. ಅದರ ನಡುವೆ ಒಂದು ಉದ್ದನೆಯ ಕತ್ತು. ಕತ್ತಿನ ಮೇಲೆ ಗಾಬರಿಬಿದ್ದ ಮುಖ.

"ಅಕ್ಕಾ, ಕತ್ತರಿ ಇದೆಯಾ?"

"ಹೊಲಿಗೆ ಅಂಗಡಿಗೆ ಬಂದು ಕತ್ತರಿ ಇದೆಯಾ ಅಂತೀಯಲ್ಲ. ಒಳಗೆ ಬಾ."

"ಬರಕ್ಕಾಗ್ತಿಲ್ಲ. ಅದಕ್ಕೇ ಕೇಳ್ತಿರೋದು."

ಅವಳ ಹಿಂದಿನಿಂದ ಇನ್ನೊಂದು ದನಿ ಬಂತು. ನಮ್ಮ ಬೀದಿಯ ಕೊನೆಯಲ್ಲಿ ರೇಡಿಯೋ ರಿಪೇರಿ ಮಾಡುವವನದು. "ನಾನು ಬೇಡ ಅಂದೆ ಅಕ್ಕಾ. ತಂತಿ ಬಿಗಿದಿದ್ದು ನಾನೇ. ಆದ್ರೂ ಬೇಡ ಅಂದಿದ್ದೆ."

ಮಂಚವನ್ನು ಒಳಗೆ ತರುವ ಹಾಗೆ ಅವಳನ್ನು ಅಡ್ಡ ತಿರುಗಿಸಿ, ಒಂದು ಕಡೆ ಬಗ್ಗಿಸಿ, ನಾವಿಬ್ಬರೂ ಸೇರಿ ಒಳಗೆ ತಂದೆವು. ತಂತಿ ಕತ್ತಿಗೆ ಒತ್ತಿ ಕೆಂಪಗೆ ಗೆರೆ ಬಿದ್ದಿತ್ತು. ಬಟ್ಟೆಯ ಕತ್ತರಿಯಲ್ಲಿ ತಂತಿ ಕತ್ತರಿಸುವುದೆಂದರೆ ನಮ್ಮ ಕಸುಬಿನಲ್ಲಿ ಪಾಪಕ್ಕೆ ಸಮ, ಆದರೂ ಕತ್ತರಿಸಿದೆ. ಕಾಲರ್ ಬಿಚ್ಚಿಕೊಂಡ ಕೂಡಲೆ ಅವಳು ಒಂದು ಉಸಿರು ಎಳೆದುಕೊಂಡಳು ನೋಡಿ, ಆ ಉಸಿರು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ಇಷ್ಟು ಗಾಳಿ ಈ ಕಡ್ಡಿಯಂಥ ಮೈಯಲ್ಲಿ ಎಲ್ಲಿ ಹಿಡಿಸುತ್ತದೆ ಎಂದು ನಾನು ಕತ್ತರಿ ಕೈಯಲ್ಲಿ ಹಿಡಿದು ನೋಡುತ್ತ ನಿಂತೆ.

ಅವಳಿಗೆ ಆಗ ಇಪ್ಪತ್ತಮೂರು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗುವ ಕೆಲಸ. ಗಾಜಿನ ಗೂಡು, ಅದಕ್ಕೂ ಒಂದು ಪರದೆ. ದಿನಕ್ಕೆ ಸಾವಿರಾರು ಜನ ಅವಳ ದನಿ ಕೇಳಿ ಓಡುತ್ತಿದ್ದರು, ಮುಖ ನೋಡಿದವರು ಒಬ್ಬರೂ ಇಲ್ಲ. "ನನ್ನ ಮಾತು ಕೇಳಿದ ಕೂಡ್ಲೆ ಎಲ್ರೂ ಎದ್ದು ಓಡಿಹೋಗ್ತಾರೆ ಅಕ್ಕಾ. ಯಾವ ಹಾಡುಗಾರ್ತಿಗೂ ಇಂಥ ಗತಿ ಬರಬಾರದು" ಎಂದು ನಗುತ್ತಿದ್ದಳು.

ಸಂಜೆ ಹೊತ್ತು ರೇಡಿಯೋ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಹಾಡು ಕಟ್ಟುತ್ತಿದ್ದರು. ಅವನು ಕೆಟ್ಟ ರೇಡಿಯೋಗಳ ಹೊಟ್ಟೆಯಿಂದ ತೆಗೆದ ಸಾಮಾನು ಸೇರಿಸಿ ಒಂದು ಪೆಟ್ಟಿಗೆ ಮಾಡಿದ್ದ. ಅದಕ್ಕೆ ಸಿಂಥಸೈಜರ್ ಎಂದು ದೊಡ್ಡ ಹೆಸರು. ಮುಂದೆ ಹಾರ್ಮೋನಿಯಂನ ಕಪ್ಪು ಬಿಳಿ ಮನೆಗಳು, ಮೇಲೆ ಸಾಲಾಗಿ ತಿರುವುಗುಂಡಿ. ಒಂದು ತಿರುವಿದರೆ ಗಾಳಿ, ಇನ್ನೊಂದು ತಿರುವಿದರೆ ಗಂಟೆ, ಮತ್ತೊಂದು ತಿರುವಿದರೆ ಹೊಟ್ಟೆನೋವು ಬಂದ ಎಮ್ಮೆ. ಅದರ ಮುಂದೆ ಅವಳು ದೊಡ್ಡ ದೊಡ್ಡ ವೇಷ ಹಾಕಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ನಾಟಕದ ಹಾಗೆ ಹಾಡುವುದು. ವೇಷ ಇಲ್ಲದೆ ನಾಲ್ಕು ಜನರ ಎದುರು ಬಾಯಿ ಬಿಡಲು ಅವಳಿಗೆ ಆಗುತ್ತಿರಲಿಲ್ಲ. ಗೂಡಿನ ಪರದೆಯೊಳಗೆ ಕೂತು ಕೂತು ಹಾಗಾಗಿತ್ತು.

ನನ್ನ ಯಜಮಾನರು ಹೋಗಿ ಆಗ ಮೂರು ವರ್ಷ. ಅಂಗಡಿ, ಕಾಲಲ್ಲಿ ತುಳಿಯುವ ಮಷೀನು, ಅಳತೆ ಪುಸ್ತಕ, ಮತ್ತೆ ಎರಡು ಮಾತು, ಇಷ್ಟನ್ನು ಅವರು ಬಿಟ್ಟುಹೋಗಿದ್ದರು. ಅವರು ಬ್ಯಾಂಡ್ ಬಾರಿಸುವವರಿಗೆ ಕೋಟು ಹೊಲಿಯುತ್ತಿದ್ದವರು. ಕಸುಬಿಗೆ ಇಳಿದ ಹೊಸದರಲ್ಲಿ ಒಬ್ಬ ಕಹಳೆಯವನಿಗೆ ಮೈಗೆ ಹಿಡಿಸಿದ ಹಾಗೆ ಚೆಂದದ ಕೋಟು ಹೊಲಿದುಕೊಟ್ಟರಂತೆ. ಅವನು ಮೊದಲ ಸಲ ಜೋರಾಗಿ ಊದಿದ್ದೇ ತಡ, ಎದೆಯ ಗುಂಡಿ ಕಿತ್ತು ಹಾರಿ ಮುಂದೆ ಕೋಲು ಆಡಿಸುತ್ತಿದ್ದವನ ಹಣೆಗೆ ಬಡಿಯಿತಂತೆ. ಅಂದಿನಿಂದ ಅವರ ಮೊದಲ ಮಾತು: ಊದುವವರಿಗೆ, ಹಾಡುವವರಿಗೆ ಎರಡು ಅಳತೆ ತೆಗಿ. ಉಸಿರು ಬಿಟ್ಟಾಗ ಒಂದು, ತುಂಬಿಕೊಂಡಾಗ ಒಂದು. ಹೊಲಿಯುವುದು ಎರಡನೆಯದಕ್ಕೆ. ಇನ್ನೊಂದು ಮಾತು: ಯಾರಿಗೇ ಹೊಲಿದರೂ ಒಳಗೆ ಎರಡು ಬೆರಳು ಬಟ್ಟೆ ಬಿಡು. ಮೈ ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ. ಒಳಗೆ ಬಿಟ್ಟಿದ್ದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು.

ಹಾಗೆ ನಾನು ಅವಳಿಗೆ ಎರಡು ಅಳತೆ ತೆಗೆದೆ. ಉಸಿರು ಬಿಟ್ಟಾಗ ಎದೆ ಮೂವತ್ತೆರಡು ಇಂಚು. ತುಂಬಿಕೊಂಡಾಗ ಮೂವತ್ತೈದೂವರೆ. ನಂಬಿಕೆ ಬರದೆ ಮತ್ತೆ ಅಳೆದೆ. ಮೂರೂವರೆ ಇಂಚು ಬರೀ ಉಸಿರು! ಯಜಮಾನರ ಪುಸ್ತಕದಲ್ಲಿ ಆ ಕಹಳೆಯವನದ್ದೂ ಮೂರು ದಾಟಿರಲಿಲ್ಲ.

ನನಗೆ ಅಂಕಿ ಚೆನ್ನಾಗಿ ಬರುತ್ತಿತ್ತು, ಅಕ್ಷರ ಅಷ್ಟಕ್ಕಷ್ಟೇ. ಪುಸ್ತಕದಲ್ಲಿ ಗಿರಾಕಿಯ ಹೆಸರು ಬರೆಯುವ ಬದಲು ಒಂದು ಚಿತ್ರ ಹಾಕುತ್ತಿದ್ದೆ. ಅವಳ ಅಳತೆಯ ಪಕ್ಕ ಉದ್ದ ಕಾಲಿನ, ಉದ್ದ ಕತ್ತಿನ ಹಕ್ಕಿ ಬರೆದೆ. ಅವಳು ಬಗ್ಗಿ ನೋಡಿದಳು.

"ಇದ್ಯಾರು?"

"ನೀನೇ."

"ಕೊಕ್ಕರೆ!" ಎಂದು ರೇಡಿಯೋದವನು ಕಿಸಕ್ಕನೆ ನಕ್ಕ.

"ನಗು, ನಗು. ನಿನ್ನ ಚಿತ್ರ ಏನು ಹಾಕ್ತಾರೋ ನೋಡೋಣ" ಎಂದಳು ಅವಳು. ನಾನು ಒಂದು ಪೆಟ್ಟಿಗೆ ಬರೆದೆ. ಅವತ್ತಿನಿಂದ ಅವಳು ಕೊಕ್ಕರೆ, ಅವನು ಪೆಟ್ಟಿಗೆ. ಅವರ ಹಾಡಿನ ಚೀಟಿಗಳ ಮೇಲೂ ಅದೇ ಹೆಸರು ಅಚ್ಚಾಯಿತು.

ಐದು ವರ್ಷ ನಾನು ಅವಳಿಗೆ ಹೊಲಿದೆ. ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆಗೆ, ಕಾರ್ಮಿಕರ ಸಂಘದ ಹಳೆಯ ಸಭಾಂಗಣದಲ್ಲಿ ಅವರ ಹಾಡು. ಅದರಲ್ಲಿ 'ಗಡಿಯಾರದ ರಾಣಿ' ಎಂದು ಒಂದಿತ್ತು. ಹನ್ನೊಂದು ನಿಮಿಷದ ಹಾಡು. ರಾಣಿ ತನ್ನ ಊರಿನ ಗಡಿಯಾರಗಳನ್ನೆಲ್ಲ ನಿಲ್ಲಿಸಲು ಹೊರಟು, ಒಂದೊಂದು ಗಡಿಯಾರಕ್ಕೆ ಒಂದೊಂದು ಉಡುಪು ಬಿಟ್ಟುಕೊಡುತ್ತ ಬರುತ್ತಾಳೆ. ಒಂದರ ಮೇಲೊಂದು ಮೂರು ಉಡುಪು ಹೊಲಿದಿದ್ದೆ. ನಡುವೆ ಅವಳು ಪರದೆಯ ಹಿಂದೆ ಬರುತ್ತಿದ್ದಳು, ನಾನು ಹುಕ್ಕು ಬಿಚ್ಚುತ್ತಿದ್ದೆ, ಅಷ್ಟು ಹೊತ್ತು ಪೆಟ್ಟಿಗೆ ತನ್ನ ಪೆಟ್ಟಿಗೆ ನುಡಿಸುತ್ತಿರಬೇಕು. ಅವನ ಹಾಳೆಯಲ್ಲಿ 'ಇಲ್ಲಿ ಹದಿನೇಳು ಹುಕ್ಕಿನಷ್ಟು ಸಂಗೀತ' ಎಂದು ಬರೆದುಕೊಂಡಿದ್ದ. ಒಂದು ಸಲ ಹುಕ್ಕೊಂದು ದಾರಕ್ಕೆ ಸಿಕ್ಕಿಕೊಂಡು ಬಿಚ್ಚದೇ ಹೋಯಿತು. ಅವನು ಪಾಪ ಎಮ್ಮೆ, ಗಂಟೆ, ಗಾಳಿ ಎಲ್ಲ ಮುಗಿಸಿ ಮತ್ತೆ ಎಮ್ಮೆಗೆ ಬಂದ. ಆ ದಿನ ಚಪ್ಪಾಳೆ ಹೆಚ್ಚು ಬಿತ್ತು.

ಕೊನೆಯಲ್ಲಿ ಅವಳು ಒಂದು ಬಿಳಿ ಅಂಗಿಯಲ್ಲಿ ಉಳಿಯುತ್ತಿದ್ದಳು. ಒಂದೇ ಸ್ವರ ಹಿಡಿಯುತ್ತಿದ್ದಳು. ಪೆಟ್ಟಿಗೆ ಒಂದೊಂದೇ ಗುಂಡಿ ತಿರುವಿ ತನ್ನ ಸದ್ದು ಇಳಿಸುತ್ತ ಇಳಿಸುತ್ತ ಪೂರಾ ನಿಲ್ಲಿಸಿಬಿಡುತ್ತಿದ್ದ. ಅವಳ ಸ್ವರ ಮಾತ್ರ ನಿಂತಿರುತ್ತಿತ್ತು. ಜನ ಬೆರಳು ಮಡಚಿ ಎಣಿಸುತ್ತಿದ್ದರು. ನಾನು ಪರದೆಯ ಹಿಂದೆ ಬಿಚ್ಚಿದ ಬಟ್ಟೆ ತಬ್ಬಿಕೊಂಡು ಎಣಿಸುತ್ತಿದ್ದೆ. ಒಂದು ಭಾನುವಾರ ಇಪ್ಪತ್ತೆರಡಕ್ಕೆ ಹೋಗಿತ್ತು. ಆ ಸ್ವರ ಈಗಲೂ ಒಮ್ಮೊಮ್ಮೆ, ಮಷೀನು ನಿಲ್ಲಿಸಿದ ಗಳಿಗೆಯಲ್ಲಿ ನನಗೆ ಕೇಳಿಸುತ್ತದೆ.

ಬರುತ್ತಿದ್ದವರು ಅರವತ್ತು ಜನ. ಮುಂದಿನ ಸಾಲಿನ ಮೊದಲ ಕುರ್ಚಿ ಅವಳ ಅಮ್ಮನದು. ಆಯಮ್ಮ ಹಿಟ್ಟಿನ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವಳು. ಹಿಟ್ಟಿನ ಧೂಳು ಎದೆಯಲ್ಲಿ ಕೂತು ಉಸಿರು ಗಿಡ್ಡವಾಗಿತ್ತು. ಒಂದು ವಾಕ್ಯ ಹೇಳಲು ಮೂರು ಕಡೆ ನಿಲ್ಲಬೇಕು. ಪ್ರತಿ ಸಲವೂ ಮಗಳು ಬಣ್ಣ ಒರೆಸಿಕೊಂಡು ಬಂದು ಕೇಳುತ್ತಿದ್ದಳು, "ಹೇಗಿತ್ತಮ್ಮ?"

"ಗಿರಣಿ ಸದ್ದು... ಬಿಟ್ಟುಬಂದೆ ಅಂದ್ಕೊಂಡ್ರೆ... ಇಲ್ಲೂ ಅದೇ ಇದೆಯಲ್ಲೇ."

"ಅಮ್ಮಾ!"

"ಚೆನ್ನಾಗಿತ್ತು ಕಣೇ... ಎಲ್ಲಾ ಚೆನ್ನಾಗಿತ್ತು. ಆದ್ರೆ ಮನೆಗೆ... ತಗೊಂಡು ಹೋಗಕ್ಕೆ... ಏನೂ ಸಿಗಲಿಲ್ಲ."

ಮನೆಗೆ ತಗೊಂಡು ಹೋಗುವುದೆಂದರೆ ಗುನುಗುವುದು. ಪಾತ್ರೆ ತೊಳೆಯುತ್ತ, ಬಟ್ಟೆ ಒಣಗಿಸುತ್ತ ಬಾಯಿಗೆ ಬರುವಂಥ ಒಂದು ಸಾಲು. ಅಮ್ಮ ತಮಾಷೆಗೆ ಹೇಳಿದ್ದು ಮಗಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅದು ಎಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಗೊತ್ತಾದದ್ದು ಮೂಗು ಬಂದ ಮೇಲೆ.

ಮೂಗು ಎಂದರೆ ಹಾಡಿನ ಕಂಪನಿಯವನು. ನನ್ನ ಪುಸ್ತಕದಲ್ಲಿ ಅವನಿಗೆ ಆ ಚಿತ್ರವೇ ಬಿತ್ತು. ಕೆಟ್ಟವನೇನಲ್ಲ, ಮಾತಿನಲ್ಲಿ ಮರ್ಯಾದೆ ಇತ್ತು. ಸಭಾಂಗಣದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳಿ, ಮಾರನೆಯ ದಿನ ನನ್ನ ಅಂಗಡಿಯಲ್ಲೇ ಬಂದು ಕೂತ. ಹಾಡು ಮೂರು ನಿಮಿಷ ಇರಬೇಕು. ಪಲ್ಲವಿ ನಾಲ್ಕು ಸಲ ಬರಬೇಕು. ಕಾಲರ್ ಬೇಡ, ಬಣ್ಣ ಬೇಡ, ಮುಖ ಕಾಣಬೇಕು. ಕೊನೆಯ ಉದ್ದ ಸ್ವರ ಬೇಡವೇ ಬೇಡ, ಕೇಳುವವರು ರೇಡಿಯೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಪೆಟ್ಟಿಗೆಯೂ ಬರಬಹುದು, ಆದರೆ ಹೇಳಿದ ಗುಂಡಿ ಒತ್ತಬೇಕು.

ಅವನು ಹೋದ ಮೇಲೆ ಪೆಟ್ಟಿಗೆ ಹೇಳಿದ, "ಹನ್ನೊಂದರಲ್ಲಿ ಎಂಟು ತೆಗೆದ್ರೆ ಉಳಿಯೋದು ಬಾಲ. ಬಾಲ ಆಡಿಸಕ್ಕೆ ನಾನು ಬರಲ್ಲ. ನೀನು ಹೋಗು. ಬೇಜಾರಿಲ್ಲ."

ನನಗೆ ಬೇಜಾರಿತ್ತು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ದೊಡ್ಡೋರು. ನಿನ್ನ ಹಾಸಿಗೆ ಅಷ್ಟುದ್ದ ಇದ್ದೂ ಕಾಲು ಮಡಚ್ಕೋತೀನಿ ಅಂತೀಯಲ್ಲೇ!" ಎಂದೆ.

"ಐದು ವರ್ಷ ಚಾಚಿದೀನಿ ಅಕ್ಕಾ. ಅರವತ್ತು ಜನ ಬರ್ತಾರೆ. ಅದರಲ್ಲಿ ಅರ್ಧ ಜನ ಕಾಲರ್ ನೋಡಕ್ಕೆ ಬರೋರು."

ಆ ಮೊದಲ ದಿನದ್ದೊಂದು ಬಿಟ್ಟರೆ ಎಲ್ಲ ಕಾಲರ್ ಹೊಲಿದವಳು ನಾನು. ನನಗೆ ಚುರುಕ್ಕೆಂದಿತು. "ಹಾಗಾದ್ರೆ ನನ್ನ ಹೊಲಿಗೆ ನಿನ್ನ ಹಾಡಿಗೆ ಅಡ್ಡ ಬಂತು ಅನ್ನು."

"ನಾನೆಲ್ಲಿ ಹಾಗಂದೆ? ಅಮ್ಮನ ಉಸಿರು ದಿನಾ ಗಿಡ್ಡ ಆಗ್ತಿದೆ. ಅವಳಿರೋದ್ರೊಳಗೆ ನನ್ನದೊಂದು ಹಾಡು ಅವಳ ಬಾಯಲ್ಲಿ ಕೇಳಬೇಕು. ಅಷ್ಟೇ ಅಕ್ಕಾ. ಬೇರೆ ಏನೂ ಬೇಡ." ಅವಳ ಕಣ್ಣು ತುಂಬಿತ್ತು. ನಾನು ನೋಡದವಳ ಹಾಗೆ ಮಷೀನಿಗೆ ಎಣ್ಣೆ ಬಿಡಲು ಶುರು ಮಾಡಿದೆ.

ಹತ್ತು ದಿನಕ್ಕೆ ಕಂಪನಿಯಿಂದ ಒಂದು ಕಾಗದ ಬಂತು. ಟೀವಿಯಲ್ಲಿ ಮೊದಲ ಹಾಡು. ಅದಕ್ಕೊಂದು ನೀಲಿ ರೇಷ್ಮೆಯ ಸಾದಾ ಉಡುಪು, ಮೈಗೆ ಅಂಟಿದ ಹಾಗಿರಬೇಕು. ಹೊಲಿದ ಮೇಲೆ ಎದೆ ಮೂವತ್ತಮೂರು. ದೀಪದ ಬೆಳಕಿಗೆ ಹೊಲಿಗೆ ದಪ್ಪ ಕಾಣುತ್ತದೆ, ಆದ್ದರಿಂದ ಒಳಗೆ ಉಳಿದ ಬಟ್ಟೆ ಕತ್ತರಿಸಿ ತೆಗೆಯಬೇಕು. ಅವರ ಹತ್ತಿರ ಅವರದೇ ದರ್ಜಿಗಳಿದ್ದರು. ಅವಳೇ ಹಟ ಹಿಡಿದಿದ್ದಳಂತೆ, ನಮ್ಮಕ್ಕನೇ ಹೊಲೀಬೇಕು ಎಂದು.

ಅವರು ಅಳತೆ ತೆಗೆದದ್ದು ಒಂದೇ ಸಲ, ಸುಮ್ಮನೆ ನಿಂತಾಗ. ಆ ಉಡುಪಿನಲ್ಲಿ ಉಸಿರಿಗೆ ಜಾಗ ಒಂದೇ ಒಂದು ಇಂಚು. ನನಗೆ ಬೇಕಾದದ್ದು ಮೂರೂವರೆ. ನನ್ನ ಪುಸ್ತಕ ಕೈಯಳತೆಯಲ್ಲೇ ಇತ್ತು, ಕೊಕ್ಕರೆಯ ಚಿತ್ರದ ಪಕ್ಕ ಎರಡೂ ಅಂಕಿ ಇದ್ದವು. ನಾನು ಪುಸ್ತಕ ತೆರೆಯಲಿಲ್ಲ. ಕಂಪನಿ ಬೇಕು ತಾನೇ, ಕಂಪನಿಯ ಅಳತೆಯೇ ಆಗಲಿ ಎಂದುಕೊಂಡು ಕಾಗದದಲ್ಲಿದ್ದ ಹಾಗೆ ಹೊಲಿದೆ. ಆಮೇಲೆ ಉಡುಪನ್ನು ತಿರುವಿ, ಒಳಗಿನ ಎರಡು ಬೆರಳು ಬಟ್ಟೆಯನ್ನು ಹೊಲಿಗೆಯ ಅಂಚಿನವರೆಗೆ ಕತ್ತರಿಸಿ ತೆಗೆದೆ. ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ. ಕಾಲ ಬುಡದಲ್ಲಿ ಬಿದ್ದ ನೀಲಿ ಚೂರೊಂದನ್ನು ಎತ್ತಿ ಕತ್ತರಿಸಿದ ಅಂಚಿಗೆ ಹಿಡಿದು ನೋಡಿದೆ. ಆದರೆ ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಅವಳು ಬಂದಳು. ಅವಸರದಲ್ಲಿದ್ದಳು, ತೊಟ್ಟು ನೋಡಲಿಲ್ಲ. ಕೈಯಲ್ಲಿ ಹಿಡಿದು ಒಮ್ಮೆ ಒಳಹೊರಗು ತಿರುವಿದಳು. ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ನನ್ನ ಮುಖ ನೋಡಿದಳು. "ಚೆನ್ನಾಗಿದೆ ಅಕ್ಕಾ" ಎಂದು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಹಾಡು ಬಂದದ್ದು ಒಂದು ಬೆಳಿಗ್ಗೆ ಹನ್ನೊಂದು ಗಂಟೆಗೆ, ನೇರ ಪ್ರಸಾರ. ಪೆಟ್ಟಿಗೆಯ ಅಂಗಡಿಯಲ್ಲಿ ರಿಪೇರಿಗೆ ಬಂದ ಒಂದು ಟೀವಿ ಇತ್ತು. ದನಿ ಸರಿಯಿತ್ತು, ಚಿತ್ರ ಮಾತ್ರ ಹಸಿರು. ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ನಾವಿಬ್ಬರು ಹಿಂದೆ ನಿಂತೆವು. ಹಸಿರು ಕೊಕ್ಕರೆ ಬಂದು ನಿಂತಿತು. ಬಣ್ಣವಿಲ್ಲ, ಕಾಲರಿಲ್ಲ. ಎರಡೂ ಕೈಯಲ್ಲಿ ಮೈಕಿನ ಕಂಬ ಹಿಡಿದುಕೊಂಡಿದ್ದಳು.

ಹಾಡು ಬಸ್ ನಿಲ್ದಾಣದ್ದು. ಅವಳೇ ಬರೆದದ್ದು. ಮೊದಲ ಸಾಲು ಒಂದೇ ಉಸಿರಿಗೆ ಹೇಳಬೇಕು: ಈ ಬಸ್ಸು ಹೋದರೆ ಹೋಗಲಿ ಬಿಡು, ಇನ್ನೊಂದು ಬರುತ್ತೆ ಕೂತಿರು. ನನ್ನ ಅಂಗಡಿಯಲ್ಲಿ ಎಷ್ಟೋ ಸಲ ಹಾಗೇ ಹಾಡಿಕೊಂಡಿದ್ದಳು. ಈಗ ಅವಳು ಉಸಿರು ತುಂಬಿಕೊಳ್ಳಲು ಹೋದಳು. ಎದೆ ಏಳಲಿಲ್ಲ. ರೇಷ್ಮೆ ತಡೆಯಿತು.

"ಈ ಬಸ್ಸು..." ನಿಂತಳು. ಒಂದು ಸಣ್ಣ ಉಸಿರು. "ಹೋದರೆ..." ಮತ್ತೊಂದು. "ಹೋಗಲಿ..." ಮತ್ತೊಂದು. "ಬಿಡು..."

ಮೂರು ನಿಮಿಷವೂ ಅವಳು ಹಾಗೇ ತುಂಡು ತುಂಡಾಗಿ, ನಡುನಡುವೆ ಬಿಕ್ಕಿದ ಹಾಗೆ ಉಸಿರೆಳೆದುಕೊಂಡು ಹಾಡಿದಳು. ಹಿಂದಿನ ತಾಳ ಓಡುತ್ತಿತ್ತು, ಇವಳು ಬಸ್ಸಿನ ಹಿಂದೆ ಓಡುವವಳ ಹಾಗೆ ಅದನ್ನು ಹಿಡಿಯುತ್ತಿದ್ದಳು. ಮುಗಿಯಿತು. ಅವಳ ಹಾಡನ್ನು ನಾನೇ ಕೊಂದುಬಿಟ್ಟೆ ಎಂದು ಗೋಡೆ ಹಿಡಿದು ನಿಂತೆ.

ಆಗ ಸ್ಟೂಲಿನ ಮೇಲಿಂದ ಕೇಳಿಸಿತು.

"ಈ ಬಸ್ಸು... ಹೋದರೆ... ಹೋಗಲಿ... ಬಿಡು..."

ಅಮ್ಮ. ಮಗಳು ಎಲ್ಲೆಲ್ಲಿ ಉಸಿರು ಎಳೆದಿದ್ದಳೋ ಆ ಎಲ್ಲ ಕಡೆ ಅಮ್ಮನಿಗೂ ಉಸಿರು ಬೇಕಿತ್ತು. ಮೊಣಕಾಲಿನ ಮೇಲೆ ಬೆರಳು ತಟ್ಟುತ್ತ, ಹಸಿರು ಟೀವಿ ನೋಡುತ್ತ, ಮೊದಲ ಸಲ ಮಗಳ ಹಾಡನ್ನು ಗುನುಗಿದಳು. ಪೆಟ್ಟಿಗೆ ನನ್ನ ಕಡೆ ತಿರುಗಿದ. "ಅಕ್ಕಾ, ಏನಾಯ್ತು? ಯಾಕೆ ಅಳ್ತಿದೀರಾ? ಚೆನ್ನಾಗೇ ಇತ್ತಲ್ಲ."

ಮುಂದಿನದು ಊರಿಗೆಲ್ಲ ಗೊತ್ತಿದ್ದದ್ದೇ. ಕ್ಷೌರದ ಅಂಗಡಿಯಲ್ಲಿ, ಶಾಲೆ ಬಿಟ್ಟ ಮಕ್ಕಳ ಬಾಯಲ್ಲಿ, ತರಕಾರಿ ತೂಗುವವಳ ಬಾಯಲ್ಲಿ, ಎಲ್ಲಿ ನೋಡಿದರೂ ಆ ಬಸ್ಸು. ಕಂಡಕ್ಟರುಗಳಂತೂ ಬಸ್ಸು ತಪ್ಪಿಸಿಕೊಂಡು ಓಡಿಬರುವವರಿಗೆ ಕಿಟಕಿಯಿಂದ ತಲೆ ಹಾಕಿ ಆ ಸಾಲನ್ನೇ ಹಾಡಿ ರೇಗಿಸುತ್ತಿದ್ದರು. ಬಿಕ್ಕಿದ ಹಾಗಿದ್ದ ಆ ಉಸಿರನ್ನೂ ಬಿಡದೆ ಹಾಡುತ್ತಿದ್ದರು. ಅದೇ ಅವಳ ಗುರುತಾಯಿತು. ಕಂಪನಿಯವರು ಎಲ್ಲ ಹಾಡೂ ಹಾಗೇ ಇರಲಿ ಎಂದರು. ನನಗೆ ಮತ್ತೆ ಕಾಗದ ಬಂತು: ಹಿಂದಿನಂತೆಯೇ, ಬಣ್ಣ ಹಸಿರು. ಹಿಂದಿನಂತೆಯೇ, ಬಣ್ಣ ಕೆಂಪು. ಮೂರನೆಯದಕ್ಕೆ ನಾನು ಕದ್ದು ಎರಡು ಇಂಚು ಸಡಿಲ ಬಿಟ್ಟು ಹೊಲಿದೆ. ಅವಳೇ ವಾಪಸು ತಂದಳು.

"ಇದು ದೊಡ್ಡದಾಯ್ತು ಅಕ್ಕಾ. ಮೊದಲಿನ ಹಾಗೇ ಮಾಡಿಕೊಡು."

"ಉಸಿರಾಡಕ್ಕೆ ಆಗುತ್ತೇನೇ ಅದರಲ್ಲಿ?"

"ಮೊದಲಿನ ಹಾಗೇ" ಎಂದಳು. ನನ್ನ ಮುಖ ನೋಡಲಿಲ್ಲ. ನಾನು ಆ ಎರಡು ಇಂಚನ್ನು ಮತ್ತೆ ಒಳಗೆ ಹಿಡಿದು ಹೊಲಿದೆ.

ಅಮ್ಮ ನಾಲ್ಕು ವರ್ಷ ಆ ಹಾಡು ಗುನುಗಿ, ಐದನೆಯ ವರ್ಷ ಹೋದಳು. ಕಂಪನಿಗೆ ಕೊಕ್ಕರೆ ಒಟ್ಟು ಒಂಬತ್ತು ವರ್ಷ ಹಾಡಿದಳು. ನಾನು ಅದೇ ಅಳತೆಯಲ್ಲಿ ಇಪ್ಪತ್ತಾರು ಉಡುಪು ಹೊಲಿದೆ. ಆಮೇಲೆ ಜನರ ಕಿವಿಗೆ ಬೇರೆ ಹಾಡು ಬಂದವು, ಮೂಗು ಬೇರೆಯವರ ಹಿಂದೆ ಹೋದ, ಅವಳು ಗಾಜಿನ ಗೂಡಿಗೆ ವಾಪಸು ಬಂದಳು. ಪೆಟ್ಟಿಗೆ ಗೂಡಿನ ಮೈಕು ರಿಪೇರಿ ಮಾಡುವ ನೆಪದಲ್ಲಿ ವಾರಕ್ಕೆರಡು ಸಲ ಹೋಗುತ್ತಿದ್ದ. ಅಷ್ಟು ಕೆಡುವ ಮೈಕು ಜಗತ್ತಿನಲ್ಲಿ ಇನ್ನೊಂದಿರಲಿಲ್ಲ. ಮೂವರೂ ಸಂಜೆ ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ವರ್ಷಗಳು ಹಾಗೆ ಹೋದವು, ದಾರದುಂಡೆ ಖಾಲಿಯಾದ ಹಾಗೆ, ಕೊನೆಯ ಸುತ್ತು ಕಾಣುವ ತನಕ ಗೊತ್ತಾಗದೆ.

ಅವಳಿಗೆ ಅರವತ್ತಾಗಿ ಕೆಲಸದಿಂದ ಬಿಡುಗಡೆಯಾದ ದಿನ ನಾನು ಬಾಯಿ ಬಿಟ್ಟೆ. ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದು ಸಾಕಾಗಿತ್ತು.

"ಆ ಮೊದಲನೇ ನೀಲಿ ಉಡುಪು... ಅದನ್ನ ನಾನು ಬೇಕಂತಲೇ ಬಿಗಿ ಹೊಲಿದೆ."

ಅವಳು ಚಹಾ ಊದುತ್ತಿದ್ದವಳು ಹಾಗೇ ಕಣ್ಣೆತ್ತಿದಳು. "ಗೊತ್ತು."

"ಗೊತ್ತಾ?"

"ತಿರುವಿ ನೋಡಿದೆನಲ್ಲ. ಒಳಗೆ ಬಟ್ಟೆ ಬಿಟ್ಟಿರಲಿಲ್ಲ ನೀನು. ನನ್ನ ಅಕ್ಕ ಒಳಗೆ ಬಟ್ಟೆ ಬಿಟ್ಟಿಲ್ಲ ಅಂದ್ರೆ ಎಷ್ಟು ಸಿಟ್ಟು ಬಂದಿರಬೇಕು ಅಂದ್ಕೊಂಡೆ."

"ಗೊತ್ತಿದ್ದೂ ಯಾಕೆ ತೊಟ್ಟೆ?"

"ನಿನಗೊಬ್ಬಳಿಗೇನಾ ಸಿಟ್ಟು ಬರೋದು? ನನಗೂ ಬಂತು. ಇದರಲ್ಲೇ ಹಾಡಿ ತೋರಿಸ್ತೀನಿ ಅಂತ ತೊಟ್ಟೆ. ತೊಟ್ಟ ಮೇಲೆ ಗೊತ್ತಾಯ್ತು, ಪ್ರಾಣ ಹೋಗುತ್ತೆ ಅಂತ." ನಕ್ಕಳು. ಆಮೇಲೆ ನಗು ನಿಂತಿತು. "ಮನೆಗೆ ಬಂದ್ರೆ ಅಮ್ಮ ಪಾತ್ರೆ ತೊಳೀತಾ ಗುನುಗ್ತಿದ್ದಳು ಅಕ್ಕಾ. ನಾನು ಉದ್ದ ಉಸಿರಲ್ಲಿ ಹಾಡಿದ್ರೆ ಅವಳಿಗೆ ಹಾಡಕ್ಕಾಗ್ತಿರಲಿಲ್ಲ. ಇನ್ನು ಹೊಲಿಗೆ ಬಿಚ್ಚೋದು ಹೇಗೆ, ಹೇಳು?"

"ಅಮ್ಮ ಹೋದ ಮೇಲಾದ್ರೂ..."

"ಆಗ ರೂಢಿ ಆಗಿತ್ತು. ಕಂಪನಿ ಬಿಡೋ ಹೊತ್ತಿಗೆ, ಒಂಬತ್ತು ವರ್ಷ ಅರ್ಧ ಉಸಿರಲ್ಲಿ ಹಾಡಿದೋಳಿಗೆ ಪೂರ್ತಿ ಉಸಿರು ಎಲ್ಲಿದೆ ಅಂತಾನೇ ಮರೆತುಹೋಗಿತ್ತು." ಲೋಟ ಕೆಳಗಿಟ್ಟು ಎದ್ದು ನಿಂತಳು. "ಟೇಪು ತೆಗಿ. ಎರಡು ಅಳತೆ."

ಉಸಿರು ಬಿಟ್ಟಾಗ ಮೂವತ್ತಾರು. ತುಂಬಿಕೊಂಡಾಗ ಮೂವತ್ತೇಳೂ ಮುಕ್ಕಾಲು. ಒಂದೂ ಮುಕ್ಕಾಲು ಇಂಚು. ಮೊದಲಿದ್ದುದರ ಅರ್ಧ. ನಾನು ಅಂಕಿ ಹೇಳದೆ, "ಟೇಪು ಹಳೇದಾಗಿದೆ" ಎಂದೆ.

"ಟೇಪು ಜಗ್ಗಿದ್ರೆ ಎರಡು ಅಳತೆಗೂ ಜಗ್ಗಿರುತ್ತೆ. ಉಸಿರು ಕಮ್ಮಿ ಆಗುತ್ತಾ ಅದರಿಂದ? ಇದ್ದದ್ದು ಹೇಳು."

ಹೇಳಿದೆ. ಅವಳು ತಲೆ ಆಡಿಸಿದಳು. "ಪೆಟ್ಟಿಗೇನ ಕರಿ. ರಾಣಿ ಹಾಡ್ತೀನಿ."

ಅವತ್ತಿನಿಂದ ಪ್ರತಿ ಸಂಜೆ ನನ್ನ ಅಂಗಡಿಯಲ್ಲಿ ಅವಳ ಅಭ್ಯಾಸ. ನಾನು ಮಷೀನು ತುಳಿಯುವುದು, ಅವಳು ಒಂದೇ ಸ್ವರ ಹಿಡಿಯುವುದು. ಅಂಗಿಯ ಒಂದು ತೋಳಿನ ಹೊಲಿಗೆ ಮುಗಿಯುವ ತನಕ ಹಿಡಿದರೆ ಗೆದ್ದ ಹಾಗೆ. ಪ್ರತಿ ತಿಂಗಳ ಒಂದನೇ ತಾರೀಕು ಅಳತೆ. ಎರಡಾಯಿತು. ಆರು ತಿಂಗಳಿಗೆ ಎರಡೂಕಾಲಾಯಿತು. ಆ ಕಾಲು ಇಂಚಿಗೆ ನಾವು ಮೂವರು ಮುದುಕರು ಹುಡುಗರ ಹಾಗೆ ಕುಣಿದೆವು. ನನ್ನ ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ಅವಳೇ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದಳು.

ಒಂದು ಭಾನುವಾರ ಅದೇ ಸಂಘದ ಸಭಾಂಗಣದಲ್ಲಿ ನಾಲ್ಕು ಗಂಟೆಗೆ ರಾಣಿ ಮತ್ತೆ ಬಂದಳು. ನನ್ನ ಬೆರಳು ನಿಧಾನವಾಗಿದ್ದರಿಂದ ಪೆಟ್ಟಿಗೆ ಹದಿನೇಳು ಹುಕ್ಕಿಗೆ ಮೂವತ್ತು ಹುಕ್ಕಿನಷ್ಟು ನುಡಿಸಿದ. ಕೊನೆಯ ಸ್ವರ ಹದಿಮೂರಕ್ಕೆ ನಿಂತಿತು. ಇಪ್ಪತ್ತೆರಡಲ್ಲ, ಹದಿಮೂರು. ನಾನು ಪರದೆಯ ಹಿಂದೆ ಬಟ್ಟೆ ತಬ್ಬಿಕೊಂಡು ಎಣಿಸಿದೆ. ಚಪ್ಪಾಳೆ ಮುಗಿಯುವ ಮೊದಲೇ ಯಾರೋ "ಬಸ್ಸು! ಬಸ್ಸು!" ಎಂದು ಕೂಗಿದರು. ಅವಳು ಸಡಿಲ ಬಿಳಿ ಅಂಗಿಯಲ್ಲಿ ನಿಂತು ಆ ಸಾಲನ್ನು ಹೇಗೆ ಬರೆದಿದ್ದಳೋ ಹಾಗೆ, ಒಂದೇ ಉಸಿರಿಗೆ ಎತ್ತಿದಳು. ಜನ ಮಾತ್ರ ಹಳೆಯ ಹಾಗೇ ಹಾಡಿದರು. ಅವಳು ನಿಲ್ಲದ ಕಡೆಯೆಲ್ಲ ಅವರು ನಿಂತು ಒಟ್ಟಿಗೆ ಸಣ್ಣದಾಗಿ ಉಸಿರೆಳೆದರು. ಒಳಗೆ ಬಂದು ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು, "ಅಮ್ಮ ಬಂದಿದ್ದಳು ಅಕ್ಕಾ" ಎಂದಳು.

ಅದಾದ ಮೇಲೆ ಇನ್ನೊಂದು ಭಾನುವಾರಕ್ಕೆ ಇನ್ನೊಂದು ಉಡುಪು ಹೊಲಿ ಎಂದಳು. ಹೊಲಿದೆ. ಅದನ್ನು ತೆಗೆದುಕೊಂಡು ಹೋದ ವಾರದಲ್ಲೇ ಅವಳು ನಿದ್ದೆಯಲ್ಲಿ ಹೋದಳು. ಪೆಟ್ಟಿಗೆ ಬಂದು ಬಾಗಿಲಲ್ಲಿ ನಿಂತು ಹೇಳಿದ, ಒಳಗೆ ಬರಲಿಲ್ಲ. ಅರವತ್ತೆರಡು ವರ್ಷ. ಹೋಗಿ ಈಗ ಎರಡು ವರ್ಷವಾಯಿತು. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾನು ಅವಳನ್ನು ನೆನೆಯುವುದು ಆ ದಿನದಿಂದಲ್ಲ, ಅದಕ್ಕೆ ಮೊದಲಿನ ಬುಧವಾರದಿಂದ.

ಬುಧವಾರ ಮಧ್ಯಾಹ್ನ ಬಂದಳು. ಬೂದು ಬಣ್ಣದ ಉಡುಪು, ಎತ್ತರದ ಕಾಲರ್, ಈ ಸಲ ಬಾಗಿಲಿಗಿಂತ ಚಿಕ್ಕದು. ತೊಟ್ಟು ಕನ್ನಡಿಯ ಮುಂದೆ ನಿಂತು ಉಸಿರು ತುಂಬಿಕೊಂಡಳು. ಬಟ್ಟೆ ಅವಳ ಜೊತೆಗೇ ಎದ್ದಿತು, ಎಲ್ಲೂ ಹಿಡಿಯಲಿಲ್ಲ. ಅಳತೆ ತೆಗೆದೆ. ಎರಡೂವರೆ. ಪುಸ್ತಕದಲ್ಲಿ ಹಕ್ಕಿಯ ಚಿತ್ರದ ಪಕ್ಕ ಬರೆದೆ. ಅವಳು ಉಡುಪು ಬಿಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡಳು, ನಾಳೆಗೆ ಬೇಕಾದಷ್ಟು ಸೂಜಿಗೆ ದಾರ ಪೋಣಿಸಿಟ್ಟಳು, ಚಪ್ಪಲಿ ಮೆಟ್ಟಿಕೊಂಡಳು. ಮೊದಲ ದಿನ ಸಿಕ್ಕಿಹಾಕಿಕೊಂಡಿದ್ದ ಅದೇ ಬಾಗಿಲ ತನಕ ಹೋದವಳು ಏನೋ ನೆನಪಾದ ಹಾಗೆ ತಿರುಗಿದಳು. ಚೀಲದ ಮೇಲೆ ಕೈಯಿಟ್ಟು, ತುಟಿಯ ಒಂದು ಕೊನೆಯಲ್ಲಿ ನಗುತ್ತ ಕೇಳಿದಳು:

"ಅಕ್ಕಾ, ಒಳಗೆ ಬಟ್ಟೆ ಬಿಟ್ಟಿದೀಯ ತಾನೇ?"